ಪ್ರವಾಸಿಗರ ಊರಿನಲ್ಲಿ ಅಂಗಡಿ ಇಡುವ ಮುನ್ನ

ಮುಂಬಯಿಯಲ್ಲಿ ಮೂರು ದಶಕ ದುಡಿದು ನಿವೃತ್ತಿಯ ಹೊಸ್ತಿಲಿಗೆ ಬಂದ ನಮ್ಮ ಅನೇಕ ಬಾಂಧವರಲ್ಲಿ ಒಂದು ಆಸೆ ಕಂಡುಬರುತ್ತದೆ. ಡೊಂಬಿವಲಿಯ ಮನೆಯನ್ನು ಮಾರಿ, ಭವಿಷ್ಯನಿಧಿಯ ಹಣವನ್ನೂ ಕೂಡಿಸಿ, ಕನ್ನಡನಾಡಿನ ಯಾವುದಾದರೂ ಸಣ್ಣ ಪ್ರವಾಸಿ ಸ್ಥಳದಲ್ಲಿ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿರಬೇಕೆಂಬುದೇ ಆ ಆಸೆ. ಇದರಲ್ಲಿ ಅಸಮಂಜಸವಾದುದೇನೂ ಇಲ್ಲ. ಆದರೆ ನಾವು ಊರನ್ನು ನೋಡುವುದು ಡಿಸೆಂಬರಿನ ರಜೆಯಲ್ಲಿ. ಅಂಗಡಿಯ ಬಾಡಿಗೆಯನ್ನಾದರೋ ಹನ್ನೆರಡು ತಿಂಗಳೂ ತೆರಬೇಕು. ಪ್ರವಾಸಿಗರು ಬಾರದ ದಿನಗಳಲ್ಲಿ ಆ ಊರು ಹೇಗಿರುತ್ತದೆ, ನಡುರಾತ್ರಿ ವೈದ್ಯರು ಬೇಕಾದರೆ ಎಷ್ಟು ದೂರ ಹೋಗಬೇಕು, ಈ ಎರಡನ್ನು ಅರಿಯದೆ ಜೀವಮಾನದ ಉಳಿತಾಯವನ್ನು ಹಾಕುವುದು ಸಾಹಸವೇ ಸರಿ.

ಮೊದಲು ಎಲ್ಲರಿಗೂ ನೆನಪಾಗುವುದು ಹಂಪೆ. ಅಲ್ಲಿಯ ತೊಡಕು ನೆಲದ್ದು. ವಿರೂಪಾಕ್ಷ ದೇವಾಲಯದ ಮುಂದಣ ಬಜಾರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಲಾಯಿತು. ವಿರೂಪಾಪುರ ಗಡ್ಡೆಯ ವಸತಿಗೃಹಗಳೂ 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ನೆಲಸಮವಾದವು. 2010ರಲ್ಲಿ ತಿದ್ದುಪಡಿಯಾದ ಪುರಾತತ್ತ್ವ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ; ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಗ್ಗವಾಗಿ ಸಿಕ್ಕಿತೆಂದು ಗುಡಿಯ ಮಗ್ಗುಲಲ್ಲೇ ಮಳಿಗೆ ಕೊಳ್ಳುವವರು ಇದನ್ನು ತಿಳಿದಿರಬೇಕು. ಪ್ರಾಯಶಃ ಅಗ್ಗವಾಗಿರುವುದಕ್ಕೆ ಕಾರಣವೂ ಅದೇ.

ಇನ್ನು ಗೋಕರ್ಣ. ಕೊಂಕಣ ರೈಲು ಬಂದ ಮೇಲೆ ಮುಂಬಯಿಗೆ ಹತ್ತಿರವಾದ ಊರು. ಆದರೆ ಆ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲತಡಿಯ ವ್ಯಾಪಾರ ಮಲಗುತ್ತದೆ. ಬಟ್ಟೆಗೂ ಅಗರಬತ್ತಿಗೂ ಬೂಷ್ಟು ಹಿಡಿಯುತ್ತದೆ. ಉಬ್ಬಸದವರಿಗೆ ಆ ಬೂಷ್ಟು ಶತ್ರು. ದೊಡ್ಡ ಚಿಕಿತ್ಸೆಗೆಂದು ಅಲ್ಲಿಯ ರೋಗಿಗಳು ಮಣಿಪಾಲಕ್ಕೆ ಹೊರಡುವುದುಂಟು. ಅದು 150 ಕಿ.ಮೀ. ಮೀರಿದ ಹಾದಿ. 2022ರ ಜುಲೈಯಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಮಡಿದಾಗ, ತಮ್ಮ ಜಿಲ್ಲೆಗೇ ದೊಡ್ಡ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡದವರ ಕೂಗು ಮತ್ತೆ ಎದ್ದಿತು. ಹೃದಯಾಘಾತದಲ್ಲಿ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಐವತ್ತೈದು ದಾಟಿದವರು ಕಡಲ ಸೊಬಗಿನ ಜೊತೆಗೆ ಈ ದೂರವನ್ನೂ ಅಳೆಯಬೇಕು.

ಈ ಲೇಖಕನ ಒಲವು ಬಾದಾಮಿಯ ಕಡೆಗೆ. ಆರನೆಯ ಶತಮಾನದ ಗುಹಾಲಯಗಳನ್ನು ನೋಡಲು ಬಂದವರು ಪಟ್ಟದಕಲ್ಲು, ಐಹೊಳೆಗಳನ್ನೂ ಮುಗಿಸಿ ಬಹುಪಾಲು ಸಂಜೆಗೇ ಹೊರಟುಬಿಡುತ್ತಾರೆ. ಅವರು ಕೊಳ್ಳುವುದು ನೀರು, ಬಿಸ್ಕೀಟು, ಬಿಸಿಲಿಗೊಂದು ಟೊಪ್ಪಿಗೆ. ಇಷ್ಟನ್ನೇ ನಂಬಿ ಅಂಗಡಿ ನಡೆಯದು. ಆದರೆ ಬಾದಾಮಿ ತಾಲ್ಲೂಕು ಕೇಂದ್ರ. ಕಚೇರಿ, ನ್ಯಾಯಾಲಯ, ಕಾಲೇಜುಗಳಿಗಾಗಿ ಸುತ್ತಲ ಹಳ್ಳಿಯವರು ವರ್ಷವಿಡೀ ಬರುತ್ತಾರೆ. ಬನದ ಹುಣ್ಣಿಮೆಗೆ ಆರಂಭವಾಗುವ ಬನಶಂಕರಿಯ ಜಾತ್ರೆ ಸುಮಾರು ತಿಂಗಳ ಕಾಲ ನಡೆಯುತ್ತದೆ. ನಾಟಕ ಕಂಪನಿಗಳು ಬಿಡಾರ ಹೂಡುತ್ತವೆ, ಮನೆಯ ಬಾಗಿಲು ಚೌಕಟ್ಟುಗಳೂ ಅಲ್ಲಿ ಮಾರಾಟಕ್ಕುಂಟು. ಆದ್ದರಿಂದ ಅಂಗಡಿಯನ್ನು ಗುಹೆಗಳ ದಾರಿಯಲ್ಲಿ ಇಡುವುದಕ್ಕಿಂತ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಇಡುವುದು ಮೇಲು. ಕಿರಾಣಿ, ಲೇಖನ ಸಾಮಗ್ರಿ, ಜೋಳದ ರೊಟ್ಟಿಯ ಖಾನಾವಳಿ, ಇವು ಊರವರಿಗೂ ಬೇಕು, ಬಂದವರಿಗೂ ಬೇಕು. ಹೊಲಿಗೆ ಬಲ್ಲ ಗೃಹಿಣಿಯಿದ್ದರೆ ಗುಳೇದಗುಡ್ಡದ ಖಣದಿಂದ ಚೀಲಗಳನ್ನು ಹೊಲಿದು ಒಂದು ಮೂಲೆಯಲ್ಲಿ ತೂಗುಹಾಕಬಹುದು. ಬಾಳೆಗೊನೆಯನ್ನು ಮಾತ್ರ ಮುಂದೆ ತೂಗುಹಾಕಬಾರದು. ಅಲ್ಲಿಯ ಮಂಗಗಳು ಹಣ ಕೊಟ್ಟು ಕೊಳ್ಳುವುದಿಲ್ಲ!

ಸೊಲ್ಲಾಪುರ-ಗದಗ ರೈಲುಮಾರ್ಗದ ನಿಲ್ದಾಣವಿದೆ, ಊರಿಂದ ಸುಮಾರು 5 ಕಿ.ಮೀ. ದೂರದಲ್ಲಿ. ವೈದ್ಯಕೀಯ ಕಾಲೇಜುಳ್ಳ ಬಾಗಲಕೋಟೆ ಸುಮಾರು 40 ಕಿ.ಮೀ., ಅಂದರೆ ಗಂಟೆಯ ಹಾದಿ.

ಬಾದಾಮಿಯ ಕಷ್ಟವೆಂದರೆ ಬೇಸಗೆ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಮುಟ್ಟುತ್ತದೆ. ಸುತ್ತಲ ಕೆಂಬಂಡೆಗಳು ಸಂಜೆಯೂ ಕಾವು ಕಾರುತ್ತಿರುತ್ತವೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವವರು ಬೇಸಗೆಯಲ್ಲಿ ಅದರ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು, ತಾವಾಗಿ ನಿಲ್ಲಿಸಬಾರದು. ಇನ್ಸುಲಿನ್ ಈ ಸೆಕೆಯಲ್ಲಿ ಕೆಡುತ್ತದೆ. ವಿದ್ಯುತ್ ಹೋದಾಗ ಸೀಸೆಯನ್ನು ನೀರು ಸೋಕದಂತೆ ಮುಚ್ಚಿ, ಒದ್ದೆ ಮರಳಿನ ನಡುವೆ ಇಟ್ಟ ಮಣ್ಣಿನ ಕುಡಿಕೆಯಲ್ಲಿ ತಂಪಾಗಿರಿಸಬಹುದು. ಮಧ್ಯಾಹ್ನ ಎರಡು ತಾಸು ಅಂಗಡಿಯ ಬಾಗಿಲು ಹಾಕಿದರೆ ನಷ್ಟವೇನಿಲ್ಲ. ಆ ಹೊತ್ತಿನಲ್ಲಿ ಗಿರಾಕಿಯೂ ವಿರಳ.

ಊರು ಯಾವುದೇ ಆಗಲಿ, ಮುಂಬಯಿಯ ಮನೆಯನ್ನು ತಕ್ಷಣ ಮಾರಬೇಡಿ. ಅದನ್ನು ಬಾಡಿಗೆಗೆ ಕೊಟ್ಟು, ಅಲ್ಲಿ 11 ತಿಂಗಳ ಕರಾರಿನಲ್ಲಿ ಮಳಿಗೆ ಹಿಡಿಯಿರಿ. ಅದಕ್ಕೂ ಮೊದಲು ಮೇ ತಿಂಗಳಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ದಂಪತಿಗಳಿಬ್ಬರೂ ಹೋಗಿ ವಾರ ಹತ್ತು ದಿನ ಇದ್ದು ಬನ್ನಿ. ನೀವು ನಿತ್ಯ ನುಂಗುವ ಗುಳಿಗೆಗಳ ಚೀಟಿ ಜೊತೆಯಲ್ಲಿರಲಿ. ಅವು ಅಲ್ಲಿಯ ಔಷಧದಂಗಡಿಯಲ್ಲಿ ದೊರೆಯುತ್ತವೆಯೇ ಎಂದು ಆಗಲೇ ಕೇಳಿ ನೋಡಬಹುದು.