ಡಾಂಬರು ಕುಡಿದ ನೆಲಕ್ಕೆ ಗೊಬ್ಬರದ ಮದ್ದು

ರೇಷ್ಮೆ ಸೀರೆಗಳ ಟ್ರಂಕು ತೆರೆದರೆ ಮೂಗಿಗೆ ಹೊಡೆಯುವ ನುಸಿಗುಳಿಗೆಯ ವಾಸನೆ ನಮ್ಮ ಮನೆಗಳಿಗೆ ಹೊಸದಲ್ಲ. ಆ ಬಿಳಿ ಗುಳಿಗೆಯ ನ್ಯಾಫ್ತಲೀನ್ ಮೊದಲು ಸಿಕ್ಕಿದ್ದು ಕಲ್ಲಿದ್ದಲಿನ ಡಾಂಬರಿನಲ್ಲಿ. ಅಮೆರಿಕದ ಸಿಯಾಟಲ್ ನಗರದಲ್ಲಿ, ಲೇಕ್ ಯೂನಿಯನ್ ಸರೋವರದ ಉತ್ತರ ದಂಡೆಯ ಸುಮಾರು 20 ಎಕರೆ ನೆಲ 50 ವರ್ಷ ಇಂಥದೇ ಡಾಂಬರನ್ನು ಕುಡಿಯಿತು. ಇಂದು ಅದು ಗ್ಯಾಸ್ ವರ್ಕ್ಸ್ ಪಾರ್ಕ್. ಮಕ್ಕಳು ಅಲ್ಲಿ ಗಾಳಿಪಟ ಹಾರಿಸುತ್ತಾರೆ.

1906ರಲ್ಲಿ ಅಲ್ಲಿ ಅನಿಲ ಕಾರ್ಖಾನೆ ಶುರುವಾಯಿತು. ಗಾಳಿ ತಾಗದಂತೆ ಕಲ್ಲಿದ್ದಲನ್ನು ಕಾಯಿಸಿದರೆ ಉರಿಯುವ ಅನಿಲ ಹೊರಡುತ್ತದೆ, ಜೊತೆಗೆ ಅಂಟಂಟಾದ ಡಾಂಬರೂ ಇಳಿಯುತ್ತದೆ. ಅನಿಲ ಊರಿನ ಒಲೆಗಳಿಗೆ ಹೋಯಿತು. ಸೋರಿದ್ದು, ಚೆಲ್ಲಿದ್ದು ಮಣ್ಣಿಗಿಳಿಯಿತು. 1937ರಲ್ಲಿ ಕಲ್ಲಿದ್ದಲಿನ ಬದಲು ಎಣ್ಣೆ ಬಂತು; 1956ರಲ್ಲಿ ನೈಸರ್ಗಿಕ ಅನಿಲದ ಕೊಳವೆ ನಗರ ತಲುಪಿದ ಮೇಲೆ ಕಾರ್ಖಾನೆ ನಿಂತಿತು. 1962ರಲ್ಲಿ ನಗರಾಡಳಿತ ಜಾಗವನ್ನು ಕೊಳ್ಳಲು ಮುಂದಾಯಿತು.

ಇಂಥ ನೆಲಕ್ಕೆ ಎಲ್ಲರಿಗೂ ತಟ್ಟನೆ ಹೊಳೆಯುವ ಉಪಾಯವೆಂದರೆ ಕಾರ್ಖಾನೆಯ ಗೋಪುರಗಳನ್ನು ಕೆಡವಿ, ಕೆಟ್ಟ ಮಣ್ಣನ್ನು ಬಗೆದು ಲಾರಿಗೆ ತುಂಬಿ ಕಳಿಸುವುದು. ಆದರೆ ಬಗೆದ ಮಣ್ಣು ಇನ್ನೊಂದು ಊರಿನ ಪಕ್ಕದಲ್ಲಿ ಬೀಳುತ್ತದೆ; ವಿಷ ವಿಳಾಸ ಬದಲಿಸುತ್ತದೆ, ಅಷ್ಟೆ. ಉದ್ಯಾನದ ವಿನ್ಯಾಸಕಾರ ರಿಚರ್ಡ್ ಹಾಗ್ ಬೇರೆ ದಾರಿ ಹಿಡಿದರು. ತುಕ್ಕು ಹಿಡಿದ ಗೋಪುರಗಳಲ್ಲಿ ಕೆಲವನ್ನಾದರೂ ಉಳಿಸಬೇಕೆಂದು ಊರಿನವರನ್ನು ಒಪ್ಪಿಸಿದರು, ಮಣ್ಣನ್ನು ಅಲ್ಲೇ ಗುಣಪಡಿಸಲು ಹೊರಟರು. ಅವರು ಬಳಸಿದ ಸಾಮಗ್ರಿ ನಮ್ಮ ತಿಪ್ಪೆಗುಂಡಿಗೆ ತೀರ ಹತ್ತಿರದ್ದು: ಒಳಚರಂಡಿ ಶುದ್ಧೀಕರಣದಲ್ಲಿ ಉಳಿದ ಕೆಸರು, ಮರದ ಹೊಟ್ಟು, ತರಗೆಲೆ. ಇವನ್ನು ಹರಡಿ, ಮೇಲ್ಮಣ್ಣಿನೊಂದಿಗೆ ಉತ್ತು ಬೆರೆಸಿದರು.

ಇದರ ಒಳಗುಟ್ಟು ಸೂಕ್ಷ್ಮಜೀವಿಗಳ ಹಸಿವಿನಲ್ಲಿದೆ. ಡಾಂಬರಿನ ಅಣುಗಳು ಇಂಗಾಲದ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಸರಗಳು. ಆ ಇಂಗಾಲವನ್ನು ತಿಂದು ಬದುಕಬಲ್ಲ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ ಮೊದಲೇ ಇರುತ್ತವೆ. ಆದರೆ ಬರೀ ಇಂಗಾಲದಿಂದ ಯಾವ ಜೀವಿಯೂ ಮೈ ಕಟ್ಟಿಕೊಳ್ಳಲಾರದು. ಸಾರಜನಕ, ರಂಜಕಗಳೂ ಬೇಕು. ಅವನ್ನು ಕೆಸರು ಒದಗಿಸಿತು. ಉಂಗುರ ಒಡೆಯುವ ಮೊದಲ ಏಟಿಗೆ ಆಮ್ಲಜನಕ ಬೇಕು. ಉಳುಮೆ ಗಾಳಿಯಾಡುವಂತೆ ಮಾಡಿತು. ರೈತರು ಮಣ್ಣಿನ ಹದ ಎನ್ನುವುದನ್ನೇ ಇಲ್ಲಿ ವಿಷ ಕರಗಿಸಲು ತಂದುಕೊಟ್ಟಂತಾಯಿತು. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಹಿಡಿಸುವುದು ಇದೇ: ಹೊರಗಿನಿಂದ ಯಾವ ಅದ್ಭುತ ಜೀವಿಯನ್ನೂ ತರಲಿಲ್ಲ, ಇದ್ದ ಜೀವಿಗಳಿಗೆ ಊಟದ ಕೊರತೆ ನೀಗಿಸಿದರು.

ಆದರೆ ಎಲ್ಲ ಉಂಗುರಗಳೂ ಒಂದೇ ಅಲ್ಲ. ಎರಡು ಉಂಗುರದ ನ್ಯಾಫ್ತಲೀನ್ ಬೇಗ ಕರಗಿಹೋಗುತ್ತದೆ. ಐದು ಉಂಗುರದ ಬೆಂಜೋಪೈರೀನ್ ನೀರಿಗೆ ಸೇರದೆ ಮಣ್ಣಿನ ಕಣಕ್ಕೆ ಕಚ್ಚಿಕೊಳ್ಳುತ್ತದೆ, ಬ್ಯಾಕ್ಟೀರಿಯಾಗಳ ಬಾಯಿಗೆ ಸಿಗುವುದು ಕಷ್ಟ. ಕ್ಯಾನ್ಸರ್ ತರುವ ಗುಣವೂ ಇದಕ್ಕಿದೆ. ಇನ್ನು ಆರ್ಸೆನಿಕ್, ಸೀಸಗಳ ಮಾತು ಬೇರೆಯೇ. ಅವು ಮೂಲಧಾತುಗಳು, ಒಡೆಯಲು ಅವುಗಳಲ್ಲಿ ಬಂಧವೇ ಇಲ್ಲ. ಧಾತುವಿನ ರೂಪ ಬದಲಿಸಬಹುದು, ಧಾತುವನ್ನೇ ಇಲ್ಲವಾಗಿಸಲಾಗದು. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕಂಡುಬಂದಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಈ ಗುಂಪಿನದು. ನೀರಿನಲ್ಲಿ ಸುಲಭವಾಗಿ ಓಡಾಡುವ ಆ ವಿಷವನ್ನು ಸಾವಯವ ಪದಾರ್ಥಗಳ ನೆರವಿನಿಂದ ಟ್ರೈವೇಲೆಂಟ್ ರೂಪಕ್ಕಿಳಿಸಿದರೆ, ಅದರ ವಿಷ ಬಹಳ ಕಡಿಮೆಯಾಗಿ ಬಹುಪಾಲು ಮಣ್ಣಿನಲ್ಲೇ ನಿಲ್ಲುತ್ತದೆ. ಕ್ರೋಮಿಯಂ ಮಾತ್ರ ಅಲ್ಲೇ ಇರುತ್ತದೆ.

ಗ್ಯಾಸ್ ವರ್ಕ್ಸ್ ಪಾರ್ಕ್ 1975ರಲ್ಲಿ ಜನರಿಗೆ ತೆರೆಯಿತು. ಹುಲ್ಲು ಬೆಳೆಯಿತು, ಕಟ್ಟಡಗಳ ಅವಶೇಷ ಹೂತ ಜಾಗ ಗಾಳಿಪಟದ ದಿಬ್ಬವಾಯಿತು. 1984ರಲ್ಲಿ ಮಣ್ಣಿನ ಪರೀಕ್ಷೆಯಲ್ಲಿ ಡಾಂಬರಿನ ಉಂಗುರಗಳು ಮತ್ತೆ ಕಂಡವು. ಉದ್ಯಾನವನ್ನು ಕೆಲಕಾಲ ಮುಚ್ಚಿದರು. ಹಾಗಾದರೆ ಹಾಗ್ ಸೋತರೇ? ನಾನು ಹಾಗೆನ್ನಲಾರೆ. ಸತ್ತ ಮಣ್ಣಿನಲ್ಲಿ ಹುಲ್ಲು ಬರಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಹುಲ್ಲು ಬಂದ ಮಾತ್ರಕ್ಕೆ ನೆಲ ಮಗುವಿನ ಬಾಯಿಗೂ ಯೋಗ್ಯವಾಯಿತು ಎಂದಾಗದು. ಅಂಬೆಗಾಲಿಡುವ ಮಗು ಮಣ್ಣು ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ಹಾಗಾಗಿ ಮಣ್ಣಿನಲ್ಲಿ ಎಷ್ಟು ವಿಷವಿದೆ ಎಂದು ಅಳೆದರೆ ಸಾಲದು. ಅದು ಯಾವ ಆಳದಲ್ಲಿದೆ, ಯಾವ ದಾರಿಯಲ್ಲಿ ಯಾರ ಮೈಗೆ ಸೇರೀತು ಎಂದೂ ಕೇಳಬೇಕು. ಅದೇ ನೆಲ ವಾಹನ ನಿಲ್ಲಿಸಲು ಸಾಕಾದೀತು, ತರಕಾರಿ ಬೆಳೆಯಲು ಆಗದಿದ್ದೀತು.

ಆಮೇಲಿನ ವರ್ಷಗಳ ಕೆಲಸವೆಲ್ಲ ಈ ದಾರಿಗಳನ್ನು ಮುಚ್ಚುವುದೇ. ಹಳೆಯ ಮಣ್ಣಿನ ಮೇಲೆ ಶುದ್ಧ ಮಣ್ಣಿನ ಹೊದಿಕೆ ಹಾಸಿದರು. ಬೆಂಜೀನ್ ಇದ್ದ ಕಡೆ ಅಂತರ್ಜಲದ ಕೆಳಗೆ ಗಾಳಿ ಊದಿ, ಗುಳ್ಳೆಗಳೊಂದಿಗೆ ಮೇಲೆದ್ದ ಆವಿಯನ್ನು ಹೀರಿ ತೆಗೆದರು. ಬೆಂಜೀನ್ ಬೇಗ ಆವಿಯಾಗುವುದರಿಂದ ಈ ಉಪಾಯ ನಡೆಯಿತು. ದಟ್ಟ ಡಾಂಬರಿಗೆ ಇದು ನಡೆಯದು. ನೀರಿಗಿಂತ ಭಾರವಾದ ಡಾಂಬರು ಮಣ್ಣಿನ ಸಂದಿಗಳಲ್ಲಿ ಇಳಿದು ಎಲ್ಲೋ ಕೂತು, ಕೆಲವೊಮ್ಮೆ ಮೇಲಕ್ಕೆ ಒಸರುತ್ತದೆ.

ಸರೋವರದ ತಳದ ಕೆಸರಿನಲ್ಲೂ ಕಾರ್ಖಾನೆಯ ಪಾಲು ಕೂತಿದೆ. ಅದನ್ನು ಶುದ್ಧಗೊಳಿಸುವ ಕೆಲಸ ದಶಕಗಳಿಂದ ಎಳೆಯುತ್ತ ಬಂದಿದೆ. 2013ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಈ ಉದ್ಯಾನದ ಹುಲ್ಲಿನ ಮೇಲೆ ಊರಿನವರು ಬುತ್ತಿ ಬಿಚ್ಚಿ ಕೂರುತ್ತಾರೆ. ಉದ್ಯಾನದ ದಂಡೆಯ ಫಲಕಗಳು ನೀರಿಗಿಳಿಯಬೇಡಿ ಎನ್ನುತ್ತವೆ.