ಕದ್ರಿ ಗುಡ್ಡದ ಬೋಧಿಸತ್ವ

ಹರಿಹರೇಶ್ವರನಿಗೆ ಕೈಮುಗಿದು ಬೆಳೆದ ಹರಿಹರದ ಜನರಿಗೆ ಒಂದೇ ವಿಗ್ರಹದಲ್ಲಿ ಶಿವನೂ ವಿಷ್ಣುವೂ ನಿಂತಿರುವುದು ಹೊಸ ಸಂಗತಿಯಲ್ಲ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ತುಂಗಭದ್ರೆಯ ದಡದಲ್ಲಿ ಆ ಗುಡಿ ಕಟ್ಟಿಸಿದ. ಅದಕ್ಕೂ ಎರಡೂವರೆ ಶತಮಾನ ಮೊದಲೇ ಘಟ್ಟದ ಕೆಳಗೆ, ಕಡಲತಡಿಯ ಮಂಗಳೂರಿನಲ್ಲಿ, ಶಿವಭಕ್ತನಾದ ಒಬ್ಬ ಅರಸ ಬೌದ್ಧ ವಿಹಾರದಲ್ಲಿ ಬೋಧಿಸತ್ವನನ್ನು ಪ್ರತಿಷ್ಠಾಪಿಸಿದ್ದ.

ಆ ಮೂರ್ತಿ ಇಂದಿಗೂ ಕದ್ರಿ ಮಂಜುನಾಥ ದೇವಸ್ಥಾನದಲ್ಲಿದೆ. ಧರ್ಮಸ್ಥಳಕ್ಕೋ ಕಟೀಲಿಗೋ ಹೊರಟ ದಾವಣಗೆರೆ ಕಡೆಯ ಕುಟುಂಬಗಳು ಕದ್ರಿಗೂ ಹೋಗಿ ಬರುವುದುಂಟು. ಆದರೆ ಮಂಜುನಾಥನ ದರ್ಶನ ಮುಗಿಸಿ ಹೊರಡುವ ಅವಸರದಲ್ಲಿ ಈ ಬೋಧಿಸತ್ವನನ್ನು ಗುರುತಿಸದೆ ದಾಟಿ ಹೋಗುವುದು ಸುಲಭ.

ದಾಟಿ ಹೋಗುವಂಥ ಮೂರ್ತಿಯಲ್ಲ ಅದು. ಸುಮಾರು ಐದು ಅಡಿ ಎತ್ತರದ ಕಂಚಿನ ವಿಗ್ರಹ. ಕುಳಿತ ಭಂಗಿ, ಮೂರು ಮುಖ, ಆರು ಕೈ. ತಲೆಯ ಮೇಲೆ ಎತ್ತರದ ಕಿರೀಟ. ಆ ಕಿರೀಟದಲ್ಲಿ ಕಣ್ಣಿಟ್ಟು ನೋಡಿದರೆ ಧ್ಯಾನಕ್ಕೆ ಕುಳಿತ ಪುಟ್ಟ ಬುದ್ಧ ಕಾಣುತ್ತಾನೆ. ಇದು ಅವಲೋಕಿತೇಶ್ವರನ ಗುರುತು. ಕರುಣೆಯ ಬೋಧಿಸತ್ವನಾದ ಅವನಿಗೆ ಲೋಕೇಶ್ವರ ಎಂಬ ಹೆಸರೂ ಇದೆ. ದಕ್ಷಿಣ ಭಾರತದ ಲೋಹಶಿಲ್ಪಗಳಲ್ಲಿ ಇದಕ್ಕೆ ಸಾಟಿಯಾದವು ತೀರ ಕಡಿಮೆ.

ಯಾರು, ಯಾವಾಗ ಮಾಡಿಸಿದರೆಂದು ಊಹಿಸಬೇಕಿಲ್ಲ. ಪೀಠದ ಮೇಲೇ ಸಂಸ್ಕೃತ ಶಾಸನವಿದೆ. ಕಲಿಯುಗದ 4068 ವರ್ಷ ಕಳೆದಾಗ, ಅಂದರೆ ಕ್ರಿ.ಶ. 968ರ ಹೊತ್ತಿಗೆ, ಆಳುಪ ವಂಶದ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದ ಎಂದು ಅದು ಹೇಳುತ್ತದೆ. ಕುಂದವರ್ಮನನ್ನು ಶಿವನ ಪಾದಭಕ್ತನೆಂದು ಹೊಗಳುವುದೂ ಅದೇ ಶಾಸನ. ಕದ್ರಿಯ ಬಗ್ಗೆ ಎಷ್ಟೋ ಕಥೆಗಳಿವೆ. ಈ ಒಂದು ಮಾತು ಅವೆಲ್ಲಕ್ಕಿಂತ ದೊಡ್ಡದು.

ಕಡಲ ತೀರಕ್ಕೂ ಲೋಕೇಶ್ವರನಿಗೂ ಹಳೆಯ ನಂಟು. ಆನೆ, ಸಿಂಹ, ಬೆಂಕಿ, ಹಾವು, ಕಳ್ಳರ ಭಯದಿಂದ ಹೇಗೋ ಹಾಗೆ ಹಡಗು ಮುಳುಗುವ ಭಯದಿಂದಲೂ ಕಾಯುವವನು ಅವನೆಂದು ಬೌದ್ಧ ವ್ಯಾಪಾರಿಗಳು ನಂಬಿದ್ದರು. ಮುಂಬೈ ಬಳಿಯ ಕನ್ಹೇರಿ ಗುಹೆಯಲ್ಲಿ ಈ ಆಪತ್ತುಗಳನ್ನು ಕಲ್ಲಿನಲ್ಲೇ ಕಡೆದಿದ್ದಾರೆ. ಆರನೆಯ ಶತಮಾನದ ಗ್ರೀಕ್ ಯಾತ್ರಿಕ ಕಾಸ್ಮಾಸ್ ಮೆಣಸು ಸಾಗಿಸುವ ಬಂದರುಗಳನ್ನು ಎಣಿಸುವಾಗ ಮಂಗಳೂರನ್ನೂ ಹೆಸರಿಸುತ್ತಾನೆ. ಇಂಥ ರೇವುಪಟ್ಟಣದಲ್ಲಿ ಲೋಕೇಶ್ವರ ನೆಲೆಗೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಬೌದ್ಧರ ನಂತರ ಕದ್ರಿಯಲ್ಲಿ ಶೈವ ಯೋಗಿಗಳ ನಾಥಪಂಥ ಬೇರೂರಿತು. ದೇವಸ್ಥಾನದ ಹಿಂದೆ ಗೋಮುಖದಿಂದ ನೀರು ಕೆರೆಗಳಿಗೆ ಇಳಿಯುತ್ತದೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಯೋಗೇಶ್ವರ ಮಠ, ಪಾಂಡವರ ಗುಹೆಗಳು. ಮತ್ಸ್ಯೇಂದ್ರನಾಥ, ಗೋರಖನಾಥರ ಹೆಸರು ಇಲ್ಲಿ ಇನ್ನೂ ಜೀವಂತ. ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕದ ಕುಂಭಮೇಳದ ಬಳಿಕ, ತ್ರ್ಯಂಬಕೇಶ್ವರದಿಂದ ನಾಥಪಂಥದ ಜೋಗಿಗಳ ತಂಡ, ಅಂದರೆ ಝುಂಡಿ, ಕಾಲ್ನಡಿಗೆಯಲ್ಲಿ ಕದ್ರಿಗೆ ಬರುತ್ತದೆ. ಅವರೊಡನೆ ಬಂದ ಹೊಸ ಮಠಾಧಿಪತಿಗೆ ಇಲ್ಲಿ ಪಟ್ಟಾಭಿಷೇಕ. 2016ರಲ್ಲಿ ಹೀಗೆಯೇ ನಡೆಯಿತು.

ಇಂಥ ಕೂಡುಬಾಳಿನ ಕುರುಹು ಕಾಣಲು ಮಂಗಳೂರು ದೂರವೆನ್ನುವವರು ಮೊದಲು ಬಳ್ಳಿಗಾವಿಗೆ ಹೋಗಬಹುದು. ಶಿಕಾರಿಪುರ ತಾಲ್ಲೂಕಿನ ಈ ಊರಿನಲ್ಲಿ ಚಾಲುಕ್ಯ ದಂಡನಾಯಕ ರೂಪಭಟ್ಟಯ್ಯ 1065ರಲ್ಲಿ ಜಯಂತಿ ವಿಹಾರ ಕಟ್ಟಿಸಿದ. ದತ್ತಿ ಬಿಟ್ಟದ್ದು ಯಾರ ಪೂಜೆಗೆಂದು ಶಾಸನ ಹೆಸರು ಹಿಡಿದು ಹೇಳುತ್ತದೆ: ತಾರಾ ಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವ.