ಸಾಬು: ಹೆಸರು ಗೊತ್ತು, ಸಿನಿಮಾ ನೋಡಿಲ್ಲ

ಹಾಲಿವುಡ್‌ನಲ್ಲಿ ಹೆಸರು ಮಾಡಿದ ಮೈಸೂರು ಸೀಮೆಯ ಮಾವುತನ ಮಗ ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ರಸಪ್ರಶ್ನೆ ನಡೆಸುವವರಿಗೂ ಈ ಪ್ರಶ್ನೆ ಹೊಸದಲ್ಲ. ಉತ್ತರ ಸಾಬು. ಉತ್ತರ ಹೇಳಿದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಹುಡುಗ ನಟಿಸಿದ ಒಂದು ಸಿನಿಮಾವನ್ನಾದರೂ ಮೊದಲಿನಿಂದ ಕೊನೆಯವರೆಗೆ ನೋಡಿದವರು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಡೆ ಮಾತ್ರವಲ್ಲ, ಮೈಸೂರಿನಲ್ಲೂ ಕಡಿಮೆ.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ತೀರಿಕೊಂಡದ್ದು 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ, ಹೃದಯಾಘಾತದಿಂದ. ಬದುಕಿದ್ದು 39 ವರ್ಷ. ಅಷ್ಟರಲ್ಲಿ ಅವರು ನಟಿಸಿದ ಚಿತ್ರಗಳಲ್ಲಿ ಕೆಲವು ಲೋಕದ ಸಿನಿಮಾ ಚರಿತ್ರೆಯಲ್ಲಿ ಗಟ್ಟಿಯಾಗಿ ನಿಂತಿವೆ. ಆದರೆ ಚಿತ್ರ ನೋಡದೆ ಹೆಸರನ್ನಷ್ಟೇ ಹೊತ್ತು ತಿರುಗಿದ್ದರಿಂದ ಅದರ ಸುತ್ತ ಹಲವು ತಪ್ಪು ಕಲ್ಪನೆಗಳು ಬೆಳೆದಿವೆ.

ತಪ್ಪು ಕಲ್ಪನೆ: ಸಾಬುವನ್ನು ಕಂಡುಹಿಡಿದದ್ದು ಹಾಲಿವುಡ್, ಮೊದಲ ಚಿತ್ರ ‘ಎಲಿಫೆಂಟ್ ಬಾಯ್’ ಹಾಲಿವುಡ್ ಚಿತ್ರ.

ಸತ್ಯ: ‘ಎಲಿಫೆಂಟ್ ಬಾಯ್’ ಬ್ರಿಟಿಷ್ ಚಿತ್ರ. ಹಂಗೇರಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರ ಲಂಡನ್ ಫಿಲ್ಮ್ಸ್ ಸಂಸ್ಥೆ ಅದನ್ನು ತಯಾರಿಸಿತು. 1935ರಲ್ಲಿ ಮೈಸೂರಿಗೆ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಅಮೆರಿಕದವರೇ ಹೌದು, ಆದರೆ ಅವರು ಸ್ಟುಡಿಯೋಗಳ ಗೊಡವೆಯಿಂದ ದೂರ ಉಳಿದು ಸಾಕ್ಷ್ಯಚಿತ್ರಗಳಿಂದ ಹೆಸರಾದವರು. ಅರಮನೆಯ ಆನೆ ಲಾಯದಲ್ಲಿದ್ದ ಹನ್ನೊಂದು ವರ್ಷದ ಹುಡುಗ ಈ ತಂಡದ ಕಣ್ಣಿಗೆ ಬಿದ್ದ. ಮಾವುತನಾಗಿದ್ದ ತಂದೆ ಆಗಲೇ ತೀರಿಕೊಂಡಿದ್ದರು.

ಕಾಲ ಎಂಥದ್ದು ಎನ್ನುವುದನ್ನೂ ನೆನಪಿಡಬೇಕು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ, ಅದನ್ನೂ ಕೊಲ್ಲಾಪುರಕ್ಕೆ ಹೋಗಿ ಚಿತ್ರೀಕರಿಸಬೇಕಾಯಿತು. ಕನ್ನಡ ಸಿನಿಮಾ ಆಗಷ್ಟೇ ಮಾತು ಕಲಿಯುತ್ತಿತ್ತು. ಆ ಹೊತ್ತಿಗೇ ಮೈಸೂರಿನ ಹುಡುಗನೊಬ್ಬ ಲೋಕದ ಪರದೆಗೆ ಹೊರಟಿದ್ದ.

ತಪ್ಪು ಕಲ್ಪನೆ: ‘ಎಲಿಫೆಂಟ್ ಬಾಯ್’ ಪೂರ್ತಿಯಾಗಿ ಮೈಸೂರು ಕಾಡಿನಲ್ಲಿ ತಯಾರಾಯಿತು.

ಸತ್ಯ: ಆ ಚಿತ್ರ ಎರಡು ಕೈಗಳ ಕೆಲಸ, ಎರಡು ದೇಶಗಳ ಕೆಲಸ. ಫ್ಲಾಹರ್ಟಿ ಮೈಸೂರಿನಲ್ಲಿ ತಿಂಗಳುಗಟ್ಟಲೆ ಉಳಿದು ಆನೆ, ಕಾಡು, ಖೆಡ್ಡಾ, ಜನಜೀವನಗಳನ್ನು ರಾಶಿ ರಾಶಿ ಚಿತ್ರಿಸಿಕೊಂಡರು. ಅಷ್ಟಾದರೂ ಅದರಲ್ಲಿ ಕಥೆಯ ಎಳೆ ಗಟ್ಟಿಯಾಗಿರಲಿಲ್ಲ. ಆಗ ಅಲೆಕ್ಸಾಂಡರ್ ಕೋರ್ಡಾ ಉಳಿದ ಭಾಗದ ಹೊಣೆಯನ್ನು ತಮ್ಮನಾದ ಜೋಲ್ಟಾನ್ ಕೋರ್ಡಾಗೆ ಒಪ್ಪಿಸಿದರು. ಮಾತುಕತೆಯ ದೃಶ್ಯಗಳು ಲಂಡನ್ ಹತ್ತಿರದ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತಯಾರಾದವು. ಸಾಬು ಅಣ್ಣನ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದ್ದು ಇದೇ ಕಾರಣಕ್ಕೆ.

ಗಮನ ಕೊಟ್ಟು ನೋಡಿದರೆ ಈ ಎರಡು ಕೈಗಳನ್ನು ಬೇರ್ಪಡಿಸಿ ಗುರುತಿಸಬಹುದು. ಬಯಲಿನ ಬೆಳಕಿನಲ್ಲಿ ಹುಡುಗ ಆನೆಯ ಮೈ ತೊಳೆಯುವಾಗ, ಸೊಂಡಿಲು ಹಿಡಿದು ಮೇಲೇರುವಾಗ ಅಲ್ಲಿ ನಟನೆಯೇ ಇಲ್ಲವೆನಿಸುತ್ತದೆ. ಬಿಳಿಯ ಅಧಿಕಾರಿಯ ಡೇರೆಯೊಳಗಿನ ದೃಶ್ಯ ಬಂದ ಕೂಡಲೇ ದೀಪದ ಬೆಳಕು, ಬಾಯಿಪಾಠದ ಮಾತು ಎದ್ದು ಕಾಣುತ್ತವೆ. ಇಷ್ಟಾಗಿಯೂ 1937ರ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರಿಗೂ ಸೇರಿ ಉತ್ತಮ ನಿರ್ದೇಶನದ ಪ್ರಶಸ್ತಿ ಬಂತು. ಕಾಲಾನಾಗ್ ಎಂಬ ಆನೆಯ ಪಾತ್ರ ವಹಿಸಿದ್ದು ಮೈಸೂರಿನ ಐರಾವತ.

ತಪ್ಪು ಕಲ್ಪನೆ: ‘ಎಲಿಫೆಂಟ್ ಬಾಯ್’ನಲ್ಲಿ ಸಾಬು ಮಾಡಿದ್ದು ಮೋಗ್ಲಿಯ ಪಾತ್ರ.

ಸತ್ಯ: ಎರಡೂ ಕಥೆಗಳು ರಡ್ಯಾರ್ಡ್ ಕಿಪ್ಲಿಂಗ್ ಬರೆದವು, ಅದರಿಂದ ಈ ಗೊಂದಲ. ‘ಎಲಿಫೆಂಟ್ ಬಾಯ್’ನಲ್ಲಿ ಅವನು ತೂಮಾಯ್, ಆನೆಗಳ ಕುಣಿತ ನೋಡುವ ಮಾವುತರ ಹುಡುಗ. ಮೋಗ್ಲಿ ಬಂದದ್ದು ಐದು ವರ್ಷಗಳ ನಂತರ, 1942ರ ‘ಜಂಗಲ್ ಬುಕ್’ನಲ್ಲಿ. ಆ ಚಿತ್ರದ ಕಾಡು ಭಾರತದ್ದಲ್ಲ, ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ್ದು. ಮೋಗ್ಲಿಯ ತಾಯಿಯಾಗಿ ನಟಿಸಿದವರು ಅಮೆರಿಕದ ರೋಸ್‌ಮೇರಿ ಡಿಕ್ಯಾಂಪ್. ಕಥೆ ಹೇಳುವ ಮುದುಕ ಬುಲ್ದೇವ್ ಆಗಿದ್ದವರು ಮಾಲ್ಟಾ ದ್ವೀಪದ ಜೋಸೆಫ್ ಕಲ್ಲೆಯಾ. ಭಾರತದ ಹಳ್ಳಿಯೆಂದು ತೋರಿಸುವ ಆ ಚಿತ್ರದ ಮುಖ್ಯ ಪಾತ್ರಗಳ ನಡುವೆ ಭಾರತದ ಮುಖ ಎಂದರೆ ಸಾಬುವಿನದು.

ಈ ಚಿತ್ರಕ್ಕೆ ನಾಲ್ಕು ವಿಭಾಗಗಳಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಮಿಕ್ಲೋಸ್ ರೋಜಾ ಅವರ ಸಂಗೀತವನ್ನು ಸಾಬುವಿನ ಧ್ವನಿಯ ಕಥಾನಿರೂಪಣೆಯ ಜೊತೆ ಗ್ರಾಮಫೋನ್ ತಟ್ಟೆಗಳಲ್ಲೂ ಹೊರತಂದರು. ಸಿನಿಮಾದ ಹಿನ್ನೆಲೆ ಸಂಗೀತವನ್ನು ತಟ್ಟೆಯಾಗಿ ಮಾರುವುದು ಅಮೆರಿಕದಲ್ಲಿ ಆಗಿನ್ನೂ ಹೊಸ ಸಂಗತಿ.

ತಪ್ಪು ಕಲ್ಪನೆ: ಹಳೆಯ ಚಿತ್ರವೆಂದರೆ ಕಪ್ಪು ಬಿಳುಪು, ನಿಧಾನಗತಿ, ಕಚ್ಚಾ ತಂತ್ರ.

ಸತ್ಯ: ಇದಕ್ಕೆ ಉತ್ತರವಾಗಿ 1940ರ ‘ದ ಥೀಫ್ ಆಫ್ ಬಾಗ್ದಾದ್’ ಒಂದೇ ಸಾಕು. ಅಂದಿನ ಟೆಕ್ನಿಕಲರ್ ಕ್ಯಾಮೆರಾದೊಳಗೆ ಮೂರು ಫಿಲ್ಮುಗಳು ಒಟ್ಟಿಗೆ ಓಡುತ್ತಿದ್ದವು. ಗಾಜಿನ ಪಟ್ಟಕ ಬೆಳಕನ್ನು ಒಡೆದು ಕೆಂಪು, ಹಸಿರು, ನೀಲಿ ಅಂಶಗಳನ್ನು ಬೇರೆ ಬೇರೆಯಾಗಿ ಆ ಫಿಲ್ಮುಗಳ ಮೇಲೆ ದಾಖಲಿಸುತ್ತಿತ್ತು. ಬಳಿಕ ಮೂರೂ ಬಣ್ಣಗಳನ್ನು ಒಂದರ ಮೇಲೊಂದು ಅಚ್ಚೊತ್ತಿ ಪ್ರತಿ ತಯಾರಿಸುತ್ತಿದ್ದರು. ಆ ಬಣ್ಣದ ದಟ್ಟಣೆ ಇಂದಿಗೂ ಕಣ್ಣು ತುಂಬುತ್ತದೆ.

ಬಾಟಲಿಯಿಂದ ಹೊಗೆಯಾಗಿ ಎದ್ದು ಆಕಾಶದೆತ್ತರ ಬೆಳೆಯುವ ಜಿನ್ನಿ, ಅವನ ಪಾದದ ಬಳಿ ಇರುವೆಯಂತೆ ಕಾಣುವ ಸಾಬು. ಇದನ್ನು ಸಾಧಿಸಲು ಲ್ಯಾರಿ ಬಟ್ಲರ್ ನೀಲಿ ಪರದೆಯ ಮುಂದೆ ನಟರನ್ನು ಚಿತ್ರಿಸಿ ಬೇರೆ ದೃಶ್ಯದೊಳಗೆ ಕೂರಿಸುವ ತಂತ್ರವನ್ನು ಬಳಸಿದರು. ಇಂದು ಕನ್ನಡದ ದೊಡ್ಡ ಚಿತ್ರಗಳಲ್ಲೂ ಹಸಿರು ಪರದೆ ಕಟ್ಟಿ ಮಾಡುವ ಕೆಲಸದ ಮೂಲ ಅಲ್ಲಿದೆ. ಜಿನ್ನಿಯಾಗಿದ್ದವರು ಆಫ್ರಿಕನ್ ಅಮೆರಿಕನ್ ನಟ ರೆಕ್ಸ್ ಇಂಗ್ರಾಮ್. ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ಪರಿಣಾಮ ಹೀಗೆ ಚಿತ್ರಕ್ಕೆ ಮೂರು ಆಸ್ಕರ್ ಬಂದವು.

ಈ ಚಿತ್ರವನ್ನು ಪೂರ್ತಿ ಹಾಲಿವುಡ್ಡಿನದು ಎನ್ನಲಾಗದು, ಪೂರ್ತಿ ಇಂಗ್ಲೆಂಡಿನದೂ ಎನ್ನಲಾಗದು. ಡೆನ್‌ಹ್ಯಾಮ್‌ನಲ್ಲಿ ಚಿತ್ರೀಕರಣ ನಡೆಯುತ್ತಿರುವಾಗಲೇ 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಕೆಲಸ ಅಮೆರಿಕಕ್ಕೆ ವರ್ಗವಾಗಿ ಅಲ್ಲಿ ಮುಗಿಯಿತು. ಸಾಬು ಹಾಲಿವುಡ್‌ಗೆ ಸೇರಿದ ದಾರಿ ಅದು. 1992ರ ಡಿಸ್ನಿ ‘ಅಲ್ಲಾದೀನ್’ ನೋಡಿದ ಮಕ್ಕಳಿಗೆ ಜಾಫರ್ ಎಂಬ ದುಷ್ಟ ಮಂತ್ರಿ, ಅಬು ಎಂಬ ಕೋತಿ ಚೆನ್ನಾಗಿ ಗೊತ್ತು. 1940ರ ಈ ಚಿತ್ರದಲ್ಲೂ ದುಷ್ಟ ಮಂತ್ರಿಯ ಹೆಸರು ಜಾಫರ್. ಅಬು ಎಂಬುದು ಸಾಬು ಮಾಡಿದ ಪುಟ್ಟ ಕಳ್ಳನ ಹೆಸರು.

ತಪ್ಪು ಕಲ್ಪನೆ: ಹಿಮಾಲಯದ ಕಥೆಯಾದ್ದರಿಂದ ಸಾಬು ನಟಿಸಿದ ‘ಬ್ಲ್ಯಾಕ್ ನಾರ್ಸಿಸಸ್’ ಹಿಮಾಲಯದಲ್ಲೇ ಚಿತ್ರೀಕರಣವಾಗಿದೆ.

ಸತ್ಯ: ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ 1947ರಲ್ಲಿ ತೆರೆಗೆ ತಂದ ಈ ಬ್ರಿಟಿಷ್ ಚಿತ್ರದ ತಂಡ ಭಾರತಕ್ಕೆ ಕಾಲಿಡಲೇ ಇಲ್ಲ. ಬಹುಪಾಲು ದೃಶ್ಯಗಳು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದವು, ಕೆಲವು ಸಸೆಕ್ಸ್‌ನ ಲಿಯೊನಾರ್ಡ್ಸ್‌ಲೀ ತೋಟದವು. ಎದೆ ಝಲ್ಲೆನಿಸುವ ಕಮರಿ ಗಾಜಿನ ಮೇಲೆ ಬಿಡಿಸಿದ ಚಿತ್ರ. ಹಿಮದ ಸಾಲು ದೊಡ್ಡದು ಮಾಡಿದ ಛಾಯಾಚಿತ್ರಗಳಿಗೆ ಬಣ್ಣದ ಸೀಮೆಸುಣ್ಣ ತೀಡಿದ್ದು. ಜ್ಯಾಕ್ ಕಾರ್ಡಿಫ್ ಅವರ ಛಾಯಾಗ್ರಹಣಕ್ಕೂ ಆಲ್ಫ್ರೆಡ್ ಯುಂಗೆ ಅವರ ಕಲಾನಿರ್ದೇಶನಕ್ಕೂ ಆಸ್ಕರ್ ಸಿಕ್ಕಿತು.

ಬಳ್ಳಾರಿ ಸೀಮೆಯವರಿಗೆ ಈ ಮಾಯೆ ಅಪರಿಚಿತವೇನಲ್ಲ. ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟದಲ್ಲಿ ಬಿಳಿ ಪರದೆಯ ಹಿಂದೆ ಬಣ್ಣ ಹಚ್ಚಿದ ಚರ್ಮ, ಒಂದು ದೀಪ ಇಷ್ಟರಲ್ಲೇ ಲಂಕೆ ಎದ್ದು ನಿಲ್ಲುತ್ತಿತ್ತು. ಬಣ್ಣ, ಬೆಳಕುಗಳ ಹದ ಬಲ್ಲ ಕೈ ಇದ್ದರೆ ನೋಡುಗರ ಮನಸ್ಸು ಉಳಿದದ್ದನ್ನು ತಾನೇ ಕಟ್ಟಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಆ ಕಾಲದ ಭಾರತೀಯರು ಬಿಳಿಯರು ತೋರಿಸಿದ್ದನ್ನೆಲ್ಲ ಬೆರಗಿನಿಂದ ನೋಡಿ ಒಪ್ಪಿಕೊಂಡರು.

ಸತ್ಯ: ಸಾಬು ನಟಿಸಿದ ‘ದ ಡ್ರಮ್’ 1938ರಲ್ಲಿ ಬಂತು. ವಾಯವ್ಯ ಗಡಿ ಪ್ರಾಂತ್ಯದ ಕಥೆ. ಬ್ರಿಟಿಷರಿಗೆ ನಿಷ್ಠನಾದ ರಾಜಕುಮಾರ ಒಳ್ಳೆಯವನು, ಎದುರು ನಿಂತವನು ಕ್ರೂರಿ. ಬೊಂಬಾಯಿ ಮತ್ತು ಮದ್ರಾಸಿನಲ್ಲಿ ಚಿತ್ರ ತೆರೆ ಕಂಡಾಗ ಇದು ಸಾಮ್ರಾಜ್ಯದ ಪ್ರಚಾರ ಎಂದು ಜನ ಪ್ರತಿಭಟಿಸಿದರು. ಬಾಬುರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆ ಭಾರತವನ್ನು ಹೀಗಳೆಯುವ ಇಂಥ ಚಿತ್ರಗಳ ವಿರುದ್ಧ ಸತತವಾಗಿ ಬರೆಯಿತು. ಬಳ್ಳಾರಿ, ಸಿರುಗುಪ್ಪಗಳೂ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ.

ಸಾಬುವಿನ ಚಿತ್ರಗಳನ್ನು ಮೆಚ್ಚುವವರು ಈ ಸಂಗತಿಯನ್ನು ಮುಚ್ಚಿಡಬೇಕಿಲ್ಲ. ಹಾಲಿವುಡ್‌ಗೆ ಹೋದ ಮೇಲೂ ಅವರಿಗೆ ಸಿಕ್ಕ ಪಾತ್ರಗಳ ವ್ಯಾಪ್ತಿ ಕಿರಿದು. ಯೂನಿವರ್ಸಲ್ ಸಂಸ್ಥೆಗಾಗಿ ಮಾಡಿದ ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943), ‘ಕೋಬ್ರಾ ವುಮನ್’ (1944) ಮೂರರಲ್ಲೂ ನಾಯಕಿ ಮರಿಯಾ ಮಾಂಟೆಜ್, ನಾಯಕ ಜಾನ್ ಹಾಲ್. ಸಾಬು ಮೂರರಲ್ಲೂ ನಾಯಕನ ಚುರುಕು ಗೆಳೆಯ. ‘ಕೋಬ್ರಾ ವುಮನ್’ ನಿರ್ದೇಶಿಸಿದ ರಾಬರ್ಟ್ ಸಿಯೋಡ್‌ಮಾಕ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ. ಎರಡೇ ವರ್ಷಗಳಲ್ಲಿ ‘ದ ಕಿಲ್ಲರ್ಸ್’ನಂಥ ಗಂಭೀರ ಅಪರಾಧ ಚಿತ್ರ ಮಾಡಿದವರು. ನೆಲೆ ಕಳೆದುಕೊಂಡ ನಿರ್ದೇಶಕ, ಬೇರೆ ದೇಶದಿಂದ ಬಂದ ನಟ ಸೇರಿ ಎಲ್ಲೂ ಇಲ್ಲದ ದ್ವೀಪವೊಂದನ್ನು ಕಟ್ಟಿದ್ದರು. ಹಾಲಿವುಡ್‌ನ ಸುವರ್ಣಯುಗವೆಂದರೆ ನಾಲ್ಕೈದು ಪ್ರಸಿದ್ಧ ಹೆಸರುಗಳು ಮಾತ್ರವಲ್ಲ, ಇಂಥ ಕೆಲಸವೂ ಅದರ ಭಾಗ.

ತಪ್ಪು ಕಲ್ಪನೆ: ಸಾಬುವಿನ ಸಾಹಸವೆಲ್ಲ ಪರದೆಯ ಮೇಲಿನದು.

ಸತ್ಯ: 1944ರಲ್ಲಿ ಸಾಬು ಅಮೆರಿಕದ ಪೌರತ್ವ ಪಡೆದು ಅಲ್ಲಿನ ಸೇನೆಯ ವಾಯುಪಡೆ ಸೇರಿದರು. ಬಿ–24 ಲಿಬರೇಟರ್ ಬಾಂಬರ್ ವಿಮಾನದ ಬಾಲದ ತುದಿಯ ಗೂಡಿನಲ್ಲಿ ಕುಳಿತು ಗುಂಡು ಹಾರಿಸುವ ಕೆಲಸ ಅವರದು. ಹಿಂದಿನಿಂದ ಬರುವ ವೈರಿ ವಿಮಾನಕ್ಕೆ ಮೊದಲ ಗುರಿಯಾಗುವ ಜಾಗ ಅದು. ಪೆಸಿಫಿಕ್ ರಣರಂಗದಲ್ಲಿ ಹಾರಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು.

ಯುದ್ಧದ ನಂತರ ದೊಡ್ಡ ಪಾತ್ರಗಳು ಕಡಿಮೆಯಾದವು. ಹಾಗೆಂದು ಅವರು ಸಿನಿಮಾ ಬಿಡಲಿಲ್ಲ. ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಸುಗಂಧ ಪೂಸಿಕೊಂಡ ಯುವ ರಾಜಕುಮಾರನಾದರು. 1952ರ ಇಟಲಿಯ ‘ಬುವೊಂಜೊರ್ನೊ ಎಲೆಫಾಂತೆ’ಯಲ್ಲಿ ‘ಬೈಸಿಕಲ್ ಥೀವ್ಸ್’ ಖ್ಯಾತಿಯ ವಿಟ್ಟೋರಿಯೊ ಡಿ ಸಿಕಾ ಜೊತೆ ನಟಿಸಿದರು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೊದಲು ಸಾಬುವನ್ನೇ ಬಯಸಿದ್ದರು. ಅದು ಕೈಗೂಡದೆ ಪಾತ್ರ ಸುನಿಲ್ ದತ್ ಪಾಲಾಯಿತು.

ತಪ್ಪು ಕಲ್ಪನೆ: ಇಂಥ ಚಿತ್ರಗಳನ್ನು ನೋಡಿ ಚರ್ಚಿಸುವುದು ಇಂಗ್ಲಿಷ್ ಬಲ್ಲ ದೊಡ್ಡ ಊರಿನವರ ಹವ್ಯಾಸ.

ಸತ್ಯ: ಇದನ್ನು ಸುಳ್ಳು ಮಾಡಿ ತೋರಿಸಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಶುರು ಮಾಡಿತು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ಗಳನ್ನು ಅಡಿಕೆ ತೋಟದ ರೈತರು, ಕೂಲಿಕಾರರು, ಗೃಹಿಣಿಯರು ನೋಡಿದರು, ಅವುಗಳ ಬಗ್ಗೆ ಮಾತಾಡಿದರು. ಕನ್ನಡದಲ್ಲಿ ಮೊದಲೇ ಕಥೆಯ ಹಿನ್ನೆಲೆ ಹೇಳುವುದು, ಮುಗಿದ ಮೇಲೆ ಜನರ ಬಾಯಲ್ಲಿ ಮಾತು ಹೊರಡುವವರೆಗೆ ಕಾಯುವುದು, ಇಷ್ಟರಿಂದಲೇ ಜಪಾನೀ ಭಾಷೆಯ ಚಿತ್ರವೂ ಹಳ್ಳಿಯದಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದರ ಹಿಂದೆ ಈ ಕೆಲಸವೂ ಇದೆ.

ಅಂದು ಪ್ರೊಜೆಕ್ಟರ್ ಬೇಕಿತ್ತು, ಫಿಲ್ಮಿನ ಪೆಟ್ಟಿಗೆಗಳನ್ನು ದೂರದಿಂದ ತರಿಸಬೇಕಿತ್ತು. ಇಂದು 1942ರ ‘ಜಂಗಲ್ ಬುಕ್’ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾಗಿದ್ದು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ರಾತ್ರಿಯಿಡೀ ಬಯಲಾಟ ನೋಡಿ ಮರುದಿನ ಕಟ್ಟೆಯ ಮೇಲೆ ಪಾತ್ರ ಪಾತ್ರದ ಬಗ್ಗೆಯೂ ತೀರ್ಪು ಹೇಳುವ ಕರೂರು, ಸಿರುಗುಪ್ಪದ ಕಡೆಯ ಜನರಿಗೆ ನೋಡುವ ಕಣ್ಣನ್ನು ಯಾರೂ ಹೊಸದಾಗಿ ಕೊಡಬೇಕಿಲ್ಲ.

ಶುರು ಮಾಡುವವರು ಮಕ್ಕಳ ಜೊತೆ ಕೂತು ‘ಜಂಗಲ್ ಬುಕ್’ನಿಂದ ಹೊರಡಬಹುದು, ಆಮೇಲೆ ‘ದ ಥೀಫ್ ಆಫ್ ಬಾಗ್ದಾದ್’, ‘ಎಲಿಫೆಂಟ್ ಬಾಯ್’. ‘ಬ್ಲ್ಯಾಕ್ ನಾರ್ಸಿಸಸ್’ ದೊಡ್ಡವರಿಗೆ ಇರಲಿ. ಚಿತ್ರ ಮುಗಿದ ಮೇಲೆ ಕೇಳಿಕೊಳ್ಳಲು ಮೂರು ಪ್ರಶ್ನೆಗಳಿವೆ. ಈ ಕಥೆಯನ್ನು ಯಾರು ಹೇಳುತ್ತಿದ್ದಾರೆ? ಭಾರತದವರೆಂದು ತೋರಿಸಿದವರಲ್ಲಿ ನಿಜಕ್ಕೂ ಭಾರತದವರು ಎಷ್ಟು ಮಂದಿ? ಅಷ್ಟೆಲ್ಲ ಬಣ್ಣ, ತಂತ್ರ, ಹೆಸರಾಂತ ನಟರ ನಡುವೆಯೂ ಕಣ್ಣು ಮತ್ತೆ ಮತ್ತೆ ಕಾರಾಪುರದ ಹುಡುಗನ ಕಡೆಗೇ ಹೋಗುವುದು ಯಾಕೆ?